ಅಜ್ಜಿ ಉತ್ತರಕ್ಕೆ ಕಾದ ಕ್ಯಾಸೆಟ್

ನಾನೀಗ ಇರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್ ಅನ್ನುವ ಊರಲ್ಲಿ. ಬಲ್ಬ್ ಮಾಡಲು ಫಿಲಿಪ್ಸ್ ಕಂಪನಿ 1891ರಲ್ಲಿ ಶುರುವಾಗಿದ್ದು ಇಲ್ಲೇ. ಆ ಹಳೇ ಕಾರ್ಖಾನೆಯ ಜಾಗದಲ್ಲಿ ಈಗ ಮ್ಯೂಸಿಯಂ ಇದೆ. ನಮ್ಮೂರು ದಾವಣಗೆರೆಯಿಂದ ಯಾರೇ ಬರಲಿ, ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಟ್ಯೂಲಿಪ್ ತೋಟ ಎಲ್ಲಾ ಆಮೇಲೆ.

ಯಾಕಂದ್ರೆ ನಮ್ಮನೆ ನಡುಮನೆಯಲ್ಲಿದ್ದ ಟೇಪ್ ರೆಕಾರ್ಡರ್ ಫಿಲಿಪ್ಸಿನದು. ಕ್ಯಾಸೆಟ್ ಅನ್ನುವ ವಸ್ತುವೇ ಈ ಕಂಪನಿಯದು. ಲೂ ಒಟೆನ್ಸ್ ಅನ್ನುವ ಡಚ್ ಇಂಜಿನಿಯರ್ ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ತನ್ನ ತಂಡದ ಜೊತೆ ಇದನ್ನು ಮಾಡಿದರು, 1963ರಲ್ಲಿ ಬರ್ಲಿನ್ನಿನಲ್ಲಿ ಜನರಿಗೆ ತೋರಿಸಿದರು. ಅದಕ್ಕೂ ಮುಂಚೆ ಅವರು ಕೋಟಿನ ಜೇಬಿಗೆ ಹಿಡಿಸುವ ಅಳತೆಗೆ ಒಂದು ಮರದ ತುಂಡು ಮಾಡಿಸಿಕೊಂಡಿದ್ದರಂತೆ, ರೆಕಾರ್ಡರ್ ಇದಕ್ಕಿಂತ ದೊಡ್ಡದಾಗಬಾರದು ಅಂತ. ಒಂದು ದಿನ ಕಾರಿನ ಟೈರ್ ಬದಲಾಯಿಸುವಾಗ ಜಾಕಿಗೆ ಆಸರೆ ಕೊಟ್ಟು ಆ ಮರದ ತುಂಡೇ ಹೋಯಿತು! ಆಮೇಲೆ ಫಿಲಿಪ್ಸ್ ಬೇರೆ ಕಂಪನಿಗಳಿಗೂ ದುಡ್ಡು ಕೇಳದೆ ಈ ನಮೂನೆ ಬಳಸಲು ಬಿಟ್ಟಿತು. ಹಾಗೆ ಬಿಟ್ಟಿದ್ದರಿಂದಲೇ ಖಾಲಿ ಕ್ಯಾಸೆಟ್ ಅಷ್ಟು ಅಗ್ಗವಾಗಿ ನಮ್ಮ ಮಂಡಿಪೇಟೆಯವರೆಗೂ ಬಂತು ಅಂತ ನನ್ನ ನಂಬಿಕೆ. ಒಟೆನ್ಸ್ 2021ರಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗೆ ನಿಜವಾಗಿ ಋಣದ ಭಾವನೆ ಇದೆ.

ಕ್ಯಾಸೆಟ್ ಅಂದ ಕೂಡಲೇ ಎಲ್ಲರೂ ಸಿನಿಮಾ ಹಾಡು ನೆನೆಯುತ್ತಾರೆ. ಚೀಟಿಯಲ್ಲಿ ಹಾಡು ಬರೆದು ಅಂಗಡಿಗೆ ಕೊಟ್ಟು ತುಂಬಿಸಿಕೊಂಡು ಬರುತ್ತಿದ್ದದ್ದು, ಭದ್ರಾವತಿ ಆಕಾಶವಾಣಿಯಲ್ಲಿ ಮೆಚ್ಚಿನ ಹಾಡು ಬಂದಾಗ ಓಡಿಬಂದು ರೆಕಾರ್ಡ್ ಮಾಡಲು ಎರಡು ಗುಂಡಿ ಒಟ್ಟಿಗೆ ಒತ್ತುತ್ತಿದ್ದದ್ದು. ಅದೆಲ್ಲ ನಮ್ಮನೆಯಲ್ಲೂ ಇತ್ತು. ಆದರೆ ನನಗೆ ಬೇಕಾಗಿರುವುದು ಬೇರೆ ಕ್ಯಾಸೆಟ್.

ಆಗ ನಮ್ಮ ಚಿಕ್ಕಪ್ಪ ಮಸ್ಕತ್‌ನಲ್ಲಿದ್ದರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಕಾಲ, 1997ಕ್ಕೂ ಮುಂಚೆ. ಹೊರದೇಶಕ್ಕೆ ಫೋನ್ ಮಾಡುವುದೆಂದರೆ ಎಸ್‌ಟಿಡಿ ಬೂತಿನಲ್ಲಿ ಬಿಲ್ಲಿನ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ ಮಾತಾಡಬೇಕು. ಅಜ್ಜಿಗೆ ಅದು ಆಗುತ್ತಿರಲಿಲ್ಲ. ಅದಕ್ಕೇ ಅಪ್ಪಾಜಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬಂದು ವಾಪಸ್ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಚಿಕ್ಕಪ್ಪ ಅದನ್ನು ಕೇಳಿ, ಅದರ ಮೇಲೇ ತಮ್ಮ ಮಾತು ತುಂಬಿ ವಾಪಸ್ ಕಳಿಸುತ್ತಿದ್ದರು. ಎರಡೂ ಬದಿ ಸೇರಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪ್ ಇರುತ್ತದೆ, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಷ್ಟರಲ್ಲಿ ಮಳೆ, ಮೆಕ್ಕೆಜೋಳದ ರೇಟು, ಯಾರ ಮದುವೆ, ಯಾರ ಬಾಣಂತನ, ಎಲ್ಲಾ ಹಿಡಿಸಬೇಕಿತ್ತು.

ಒಂದರ ಮೇಲೊಂದು ತುಂಬಿದ್ದರಿಂದ ಹಳೇ ಮಾತೆಲ್ಲ ಅಳಿಸಿಹೋಯಿತು. ಉಳಿದದ್ದು ಒಂದೇ. ಅದರ ಹಿಂಬದಿಯ ಪ್ಲಾಸ್ಟಿಕ್ ಕಿವಿಗಳನ್ನು ಚಿಕ್ಕಪ್ಪ ಮುರಿದಿಟ್ಟಿದ್ದರು. ಅದು ಮುರಿದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ, ನೆನಪಿದೆ ಅಲ್ವಾ? ಅದನ್ನು ಈಚೆಗೆ ಇಲ್ಲಿಗೆ ತರಿಸಿಕೊಂಡು ಕೇಳಿದೆ.

ಅಜ್ಜಿಗೆ ರೆಕಾರ್ಡರ್ ಅಂದ್ರೆ ಏನು ಅಂತ ಪೂರ್ತಿ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡ ಅನಿಸಿತ್ತೋ. "ಉಂಡೇನಪ್ಪಾ? ಅಲ್ಲಿ ರೊಟ್ಟಿ ಮಾಡಿಕೊಡೋರು ಅದಾರೇನು?" ಅಂತ ಕೇಳುತ್ತಾರೆ. ಕೇಳಿ ಸುಮ್ಮನಾಗುತ್ತಾರೆ. ಮಗ ಉತ್ತರ ಕೊಡಲಿ ಅಂತ. ಆ ಸುಮ್ಮನಿರುವ ಹೊತ್ತಿನಲ್ಲಿ ನಮ್ಮನೆ ಕೇಳಿಸುತ್ತದೆ. ಮೊದಲು ಫ್ಯಾನಿನ ಸದ್ದು ಏಳುತ್ತದೆ, ಆಮೇಲೆ ಹಿತ್ತಲಲ್ಲಿ ಯಾರೋ ಕೊಡ ಇಟ್ಟದ್ದು, ಅಶೋಕ ರಸ್ತೆ ಗೇಟಿನ ಕಡೆ ರೈಲಿನ ಕೂಗು, "ಅಜ್ಜಿ ಮಾತಾಡ್ರಿ, ಟೇಪು ಓಡ್ತೈತಿ" ಅಂತ ಅಪ್ಪಾಜಿಯ ಪಿಸುಮಾತು. ಅಪ್ಪಾಜಿಯೂ ತಮ್ಮ ತಾಯಿಯನ್ನು ನಮ್ಮ ಹಾಗೆ ಅಜ್ಜಿ ಅಂತಲೇ ಕರೆಯುತ್ತಿದ್ದರು, ಅದನ್ನು ನಾನು ಮರೆತೇಬಿಟ್ಟಿದ್ದೆ.

ಈ ಸದ್ದು ಏಳುವುದಕ್ಕೆ ಕಾರಣ ಇದೆ. ಆ ಕಾಲದ ಮನೆ ರೆಕಾರ್ಡರುಗಳಲ್ಲಿ ಸದ್ದಿನ ಮಟ್ಟವನ್ನು ತಾನೇ ಸರಿಮಾಡಿಕೊಳ್ಳುವ ಒಂದು ಏರ್ಪಾಡು ಇರುತ್ತಿತ್ತು, ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲ್. ಜೋರಾಗಿ ಮಾತಾಡಿದರೆ ಇಳಿಸುತ್ತದೆ. ಎಲ್ಲರೂ ಸುಮ್ಮನಾದರೆ ಅದು ಸುಮ್ಮನಿರುವುದಿಲ್ಲ, ಇರುವ ಸಣ್ಣ ಸದ್ದನ್ನೇ ಎತ್ತಿ ಎತ್ತಿ ದೊಡ್ಡದು ಮಾಡುತ್ತದೆ. ಸಂಗೀತದವರಿಗೆ ಇದು ದೋಷ. ನನಗೆ ಇದೇ ದೊಡ್ಡ ಉಪಕಾರ.

ಈಗ ನಾನು ಅಮ್ಮನ ಜೊತೆ ದಿನಾ ವಿಡಿಯೋ ಕಾಲ್ ಮಾಡುತ್ತೇನೆ. ಮುಖ ಕಾಣುತ್ತದೆ, ಮಾತು ಸ್ವಚ್ಛ. ಆದರೆ ಈ ಆ್ಯಪ್‌ಗಳು ಮಾತನ್ನು ಮಾತ್ರ ಉಳಿಸಿಕೊಂಡು ಉಳಿದ ಸದ್ದನ್ನು ಗದ್ದಲ ಅಂತ ಒತ್ತಿಹಾಕುತ್ತವೆ. ಅಮ್ಮನ ಹಿಂದೆ ಕುಕ್ಕರ್ ಹಬೆ ಬಿಡುವುದು ಕಾಣುತ್ತದೆ, ಸೀಟಿ ಅರ್ಧ ಕೇಳಿ ನಿಂತುಹೋಗುತ್ತದೆ. ಆಫೀಸಿನ ಮೀಟಿಂಗಿಗೆ ಇದು ಸರಿ. ಮನೆ ಬಿಟ್ಟು ದೂರ ಇರುವವನಿಗೆ ಆ ಗದ್ದಲವೇ ಬೇಕಾಗಿರುತ್ತದೆ, ಅದೇ ಊರು. ಅದಕ್ಕೇ ಈಗ ಅಮ್ಮನಿಗೆ ಹೇಳಿದ್ದೇನೆ, ಬರೀ ಕಾಲ್ ಸಾಲದು, ಫೋನಿನಲ್ಲಿರುವ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಬಿಡು ಅಂತ. ಇದು ಹೆಚ್ಚು ಸದ್ದು ಉಳಿಸಿಕೊಳ್ಳುತ್ತದೆ. ಅಮ್ಮ ಮಂಡಕ್ಕಿ ಒಗ್ಗರಣೆ ಹಾಕಿದ್ದು ಕಳಿಸಿದ್ದರು. ಮೂರು ಸಲ ಕೇಳಿದೆ.

ನಿಮ್ಮ ಅಟ್ಟದ ಮೇಲೂ ಇಂಥ ಕ್ಯಾಸೆಟ್ ಇದ್ದರೆ ದಯವಿಟ್ಟು ಈಗಲೇ ಇಳಿಸಿ. ಟೇಪಿಗೆ ತೇವ ತಾಗಿದರೆ ಬೂಸ್ಟು ಬರುತ್ತದೆ, ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಟೇಪಿನ ಹಿಂದೆ ತೆಳು ಲೋಹದ ಪಟ್ಟಿಗೆ ಅಂಟಿಸಿದ ಸಣ್ಣ ಮೆತ್ತೆ ಇರುತ್ತದೆ, ಅದು ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ. ಆಗ ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ ಆ ಗೂಡಿಗೆ ಟೇಪ್ ಸುರುಳಿ ಕೂರಿಸಬಹುದು. ಪ್ಲೇಯರಿನ ಹೆಡ್ಡನ್ನು, ಅಂದ್ರೆ ಟೇಪ್ ತಾಗುವ ಭಾಗವನ್ನು, ಐಸೋಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಕೊನೆವರೆಗೂ ಓಡಿಸಿ ವಾಪಸ್ ಸುತ್ತಿ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರ್ ಹಾಕಿ, ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ತುಂಬಿಸಿ, ವೇವ್ ಫೈಲ್ ಮಾಡಿಟ್ಟುಕೊಳ್ಳಿ. ಹಂಚಲಿಕ್ಕೆ ಎಂಪಿ3 ಸಾಕು. ಮತ್ತೆ ಒಂದು ಮಾತು, ನಾಯ್ಸ್ ತೆಗೆಯುವ ಗುಂಡಿ ಒತ್ತಬೇಡಿ.

ಚಿಕ್ಕಪ್ಪನ ಮನೆಯಲ್ಲಿ ಇನ್ನೊಂದು ಕ್ಯಾಸೆಟ್ ಸಿಕ್ಕಿದೆಯಂತೆ, ಟೇಪ್ ಹರಿದಿದೆ. ಅದನ್ನು ಪೋಸ್ಟಿನಲ್ಲಿ ಕಳಿಸಲು ನನಗೆ ಧೈರ್ಯ ಇಲ್ಲ. ದಾವಣಗೆರೆಯಲ್ಲೋ ದುರ್ಗದಲ್ಲೋ ಟೇಪ್ ಜೋಡಿಸಿಕೊಡುವ ಹಳೇ ಮೆಕ್ಯಾನಿಕ್ ಯಾರಾದರೂ ಇನ್ನೂ ಅಂಗಡಿ ಇಟ್ಟಿದ್ದರೆ ತಿಳಿಸಿ, ತಮ್ಮನನ್ನು ಕಳಿಸುತ್ತೇನೆ.