ಅಪ್ಪನ ಕಂಪ್ಯೂಟರ್‌ಗೆ ಮಿಂಟ್ ಹಾಕಿದ ನಾಲ್ಕು ದಿನ

2025 ನವೆಂಬರ್ 16, ಭಾನುವಾರ
ಕುವೆಂಪುನಗರ, ಮೈಸೂರು

ಇವತ್ತು ಸಂಜೆ ಐದೂವರೆಗೆ ಅಪ್ಪನ ಕಂಪ್ಯೂಟರ್ ಸರಿಹೋಯಿತು. ಗುರುವಾರ ಶುರು ಮಾಡಿದ್ದು. ಮರೆಯುವ ಮುಂಚೆ ಬರೆದಿಡುತ್ತೇನೆ, ಇದೇ ಕಷ್ಟದಲ್ಲಿ ಇನ್ನೂ ಯಾರಾದರೂ ಇರಬಹುದು.

2014ರ ಡೆಸ್ಕ್‌ಟಾಪ್ ಅದು. ನಾಲ್ಕನೇ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರ್, ನಾಲ್ಕು ಜಿಬಿಯ ಎರಡು ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಮಾಮೂಲಿ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯಿಂದ ಮೇಲಿನದೇ ಆಗಬೇಕು. ಅಪ್ಪ ಅದರಲ್ಲಿ ಪೇಪರ್ ಓದುತ್ತಾರೆ, ತಮ್ಮ ನೆನಪುಗಳನ್ನು ಟೈಪ್ ಮಾಡುತ್ತಾರೆ, ಅಷ್ಟೇ. ಅದಕ್ಕೆ ಹೊಸ ಮೆಷಿನ್ ಯಾಕೆ? ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22.2 ಹಾಕೋಣ ಅಂದುಕೊಂಡೆ. ಅಪ್ಪನ ಫೈಲ್‌ಗಳನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಶುರು ಮಾಡಿದೆ.

ಅರ್ಧಕ್ಕೆ ನಿಂತಿತು. ಎರ‍್ರ್‌ನೋ 5, ಇನ್‌ಪುಟ್ ಔಟ್‌ಪುಟ್ ಎರರ್. ಸಿಡಿ, ಸಿಡಿ ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಕೆಟ್ಟಿರಬಹುದು ಅಂತ ಆ ಸಂದೇಶವೇ ಹೇಳುತ್ತದೆ. ಪೆನ್‌ಡ್ರೈವ್ ಬದಲಿಸಿದೆ. ಮತ್ತೆ ನಿಂತಿತು. ಅಂಗಡಿಯಲ್ಲಿ ಕೇಳಿದರೆ "ಡಿಸ್ಕ್ ಹೋಗಿದೆ ಸಾರ್, ಎಸ್‌ಎಸ್‌ಡಿ ಹಾಕಿಸಿಬಿಡಿ" ಅಂದರು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಹಳೇ ಕಂಪ್ಯೂಟರ್ ವೇಗ ಆಗುವುದು ನಿಜ, ಆದರೆ ಏನು ಕೆಟ್ಟಿದೆ ಅಂತ ಗೊತ್ತಾಗದೆ ದುಡ್ಡು ಹಾಕುವುದು ನನಗೆ ಸರಿ ಕಾಣಲಿಲ್ಲ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ಡಿಸ್ಕ್‌ನ ಸ್ಮಾರ್ಟ್ ಮಾಹಿತಿ, ಅಂದರೆ ತನ್ನ ಸ್ಥಿತಿಯ ಬಗ್ಗೆ ಡಿಸ್ಕ್ ತಾನೇ ಇಟ್ಟುಕೊಳ್ಳುವ ದಾಖಲೆ, ನೋಡಿದೆ. ಒಂದೂ ಕೆಟ್ಟ ಸೆಕ್ಟರ್ ಇಲ್ಲ. ಡಿಸ್ಕ್‌ಗೆ ಹೋಗುವ ಸಾಟಾ ಕೇಬಲ್ ಬದಲಿಸಿದೆ, ಆಗಲೂ ಅದೇ ಕಥೆ.

ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಡಿಸ್ಕ್ ಕೆಟ್ಟಿದ್ದರೆ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ನಿಲ್ಲಬೇಕಲ್ವಾ? ಶನಿವಾರ ರಾತ್ರಿ ಮಿಂಟ್‌ನ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿಟ್ಟು, ಅಪ್ಪನ ಕಂಪ್ಯೂಟರ್‌ನಲ್ಲಿ ಅದರ ಶಾ256 ಲೆಕ್ಕ ಹಾಕಿಸಿದೆ. ಅದು ಫೈಲ್‌ನ ಬೆರಳಚ್ಚು ಇದ್ದ ಹಾಗೆ, ಫೈಲ್ ಬದಲಾಗದಿದ್ದರೆ ಪ್ರತಿ ಸಲ ಅದೇ ಬರಬೇಕು. ಅರವತ್ತನಾಲ್ಕು ಅಕ್ಷರದ ಒಂದು ಸಾಲು ಬಂತು, ಹಾಳೆಯಲ್ಲಿ ಬರೆದುಕೊಂಡೆ. ರೀಸ್ಟಾರ್ಟ್ ಮಾಡಿ ಮತ್ತೆ ಹಾಕಿಸಿದೆ. ಬೇರೆ ಸಾಲು! ಫೈಲ್ ಅದೇ, ಪೆನ್‌ಡ್ರೈವ್ ಅದೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಹಾಕಿಸಿದರೂ ಮಿಂಟ್‌ನವರು ಕೊಟ್ಟಿರುವ ಸಾಲೇ ಬರುತ್ತದೆ. ಅಂದರೆ ಓದಿದ್ದನ್ನು ನೆನಪಿಟ್ಟುಕೊಳ್ಳುವ ಕಡೆಯೇ, ಅಂದರೆ ರ‍್ಯಾಮ್‌ನಲ್ಲೇ, ತಪ್ಪಾಗುತ್ತಿದೆ.

ಇವತ್ತು ಬೆಳಿಗ್ಗೆ ಕ್ಯಾಬಿನೆಟ್ ಬಿಚ್ಚಿದೆ. ಧೂಳು ಕೊಡವಿ, ಎರಡೂ ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ. ಆಮೇಲೆ ಒಂದೊಂದನ್ನೇ ಹಾಕಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದೆ. ಒಂದು ರ‍್ಯಾಮ್ ಪೂರ್ತಿ ಸುತ್ತು ಮುಗಿಸಿತು, ಸೊನ್ನೆ ತಪ್ಪು. ಇನ್ನೊಂದನ್ನು ಹಾಕಿದ ಸ್ವಲ್ಪ ಹೊತ್ತಿಗೇ ಪರದೆ ತುಂಬ ಕೆಂಪು ಸಾಲು. ಸ್ಲಾಟ್ ಕೆಟ್ಟಿರಬಹುದೇನೋ ಅಂತ ಅದನ್ನೇ ಪಕ್ಕದ ಸ್ಲಾಟ್‌ಗೆ ಹಾಕಿದೆ. ಅಲ್ಲೂ ಕೆಂಪು. ಅದನ್ನು ತೆಗೆದಿಟ್ಟು ಉಳಿದ ನಾಲ್ಕು ಜಿಬಿಯಲ್ಲೇ ಮಿಂಟ್ ಹಾಕಿದೆ. ಒಂದೇ ಸಲಕ್ಕೆ ಆಯಿತು.

ನಿಜವಾದ ಭಯ ಶುರುವಾಗಿದ್ದು ಆಮೇಲೆ. ಗುರುವಾರ ಅಪ್ಪನ ಫೈಲ್‌ಗಳನ್ನು ಕಾಪಿ ಮಾಡಿದ್ದು ಇದೇ ಕೆಟ್ಟ ರ‍್ಯಾಮ್ ಇದ್ದಾಗ. ಮೂಲ ಪ್ರತಿಯನ್ನು ನಾನೇ ಅಳಿಸಿದ್ದೇನೆ. ಮೊದಲ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ಪೌಂಡ್ ಚಿಹ್ನೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. "ಏನೋ ಇದು, ಎಲ್ಲಾ ಹೋಯ್ತೇನೋ?" ಅಂದರು. ಅವರ ದನಿ ಕೇಳಿ ನನಗೆ ಕೈ ಆಡಲಿಲ್ಲ. ಪುಣ್ಯಕ್ಕೆ ಅದು ಫಾಂಟ್ ವಿಷಯ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಬರೆದ ಫೈಲ್‌ಗಳು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಲ್ಲ, ನುಡಿ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುತ್ತವೆ. ಫಾಂಟ್ ಹಾಕಿದೆ, ಅಪ್ಪನ ಕನ್ನಡ ವಾಪಸ್ ಬಂತು.

ಜೂನ್‌ನಲ್ಲಿ ಮಾಡಿದ ಇನ್ನೊಂದು ಕಾಪಿ ಇತ್ತು. ಆಮೇಲೆ ಅಪ್ಪ ಮುಟ್ಟದೇ ಇದ್ದ 29 ಫೈಲ್‌ಗಳ ಶಾ256 ಎರಡೂ ಕಡೆ ಹಾಕಿಸಿ ಹೋಲಿಸಿದೆ. 27 ತಾಳೆಯಾದವು. ಎರಡು ಆಗಲಿಲ್ಲ. ಒಂದು ತೆರೆಯಲೇ ಇಲ್ಲ. ಅವರ ಊರಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಡುತ್ತಿದ್ದ ದಿನಗಳ ಬಗ್ಗೆ ಬರೆದದ್ದು ಅದು. ಜೂನ್ ಕಾಪಿಯಲ್ಲಿ ಎರಡೂ ಚೆನ್ನಾಗಿವೆ, ಅಪ್ಪ ಮೊದಲಿಂದ ಕೊನೆವರೆಗೂ ಓದಿ ನೋಡಿದರು.

ಕಂಪ್ಯೂಟರ್ ಸುಮ್ನೆ ಸುಮ್ನೆ ಹ್ಯಾಂಗ್ ಆಗುತ್ತಿದ್ದರೆ, ಇನ್‌ಸ್ಟಾಲ್ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದ್ದರೆ, ದಯವಿಟ್ಟು ಏನನ್ನೂ ಅಳಿಸುವ ಮುಂಚೆ ರ‍್ಯಾಮ್ ಪರೀಕ್ಷೆ ಮಾಡಿ. ಬ್ಯಾಕಪ್ ಅದಾದ ಮೇಲೆ ತೆಗೆದುಕೊಳ್ಳಿ.

ಜೂನ್ ಆದಮೇಲೆ ಬರೆದ ಫೈಲ್ 14 ಇವೆ. ಹೋಲಿಸಲು ಬೇರೆ ಪ್ರತಿ ಇಲ್ಲ, ಓದಿಯೇ ನೋಡಬೇಕು. ಊಟದ ಹೊತ್ತಿಗೆ ಆರು ಮುಗಿದಿವೆ. ಅಪ್ಪ ಕನ್ನಡಕ ಒರೆಸಿಕೊಂಡು ಏಳನೆಯದನ್ನು ತೆರೆದಿದ್ದಾರೆ.