ಕೋಬಾಲ್ಟ್ ಕಣ ತೀರಾ ಸಣ್ಣ ಆದ್ರೆ ಏನಾಗುತ್ತೆ?

ನ್ಯಾಚುರಲ್ ಗ್ಯಾಸಿಂದ ಡೀಸೆಲ್ ಮಾಡೋ ಫಿಷರ್-ಟ್ರಾಪ್ಶ್ ವಿಧಾನದ ಬಗ್ಗೆ ಓದ್ತಾ ಕೂತ್ರೆ ನಂಗೆ ಊಟ ಮರ್ತೋಗುತ್ತೆ. 1920ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಶುರುವಾಗಿದ್ದು, ಇವತ್ತು ಕತಾರ್‌ನಲ್ಲಿ ದೊಡ್ಡ ಮಟ್ಟದಲ್ಲಿ ನಡೀತಿದೆ. ಮೊದ್ಲು ಗ್ಯಾಸನ್ನ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಮಾಡ್ಕೊಂಡು, ಆಮೇಲೆ 200 ಡಿಗ್ರಿ ಚಿಲ್ರೆ ಬಿಸೀಲಿ, ಕ್ರಿಯೆ ಚುರುಕು ಮಾಡೋ ಕೋಬಾಲ್ಟ್ ಅನ್ನೋ ಲೋಹದ ಕಣಗಳ ಮೇಲೆ ಹಾಯಿಸ್ತಾರೆ, ಅಲ್ಲಿ ಕಾರ್ಬನ್ ಒಂದಕ್ಕೊಂದು ಹೂಮಾಲೆ ಥರ ಪೋಣಿಸ್ಕೊಂಡು ಮೇಣ ಆಗುತ್ತೆ, ಅದನ್ನ ಒಡೆದು ಡೀಸೆಲ್ ಮಾಡ್ತಾರೆ.

ಕೋಬಾಲ್ಟ್ ದುಬಾರಿ, ಕೆಲಸ ನಡೆಯೋದು ಬರೀ ಮೇಲ್ಮೈಯಲ್ಲಿ, ಅಂದ್ಮೇಲೆ ಕಣ ಎಷ್ಟು ಸಣ್ಣ ಮಾಡಿದ್ರೆ ಅಷ್ಟು ಲಾಭ ಅಂತ ಯಾರಿಗಾದ್ರೂ ಅನ್ಸುತ್ತೆ, ಬೆಲ್ಲದ ಅಚ್ಚಿಗಿಂತ ಪುಡಿ ಬೇಗ ಕರಗಲ್ವಾ. ಆದ್ರೆ 2006ರಲ್ಲಿ ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್ ಯೂನಿವರ್ಸಿಟಿಯವ್ರು ಕಾರ್ಬನ್ ನ್ಯಾನೋ ನಾರಿನ ಮೇಲೆ ಬೇರೆ ಬೇರೆ ಸೈಜಿನ ಕಣ ಕೂರಿಸಿ ನೋಡಿದ್ರೆ, 1 ಬಾರ್ ಒತ್ತಡದಲ್ಲಿ 6 ನ್ಯಾನೋಮೀಟರ್‌ಗಿಂತ, 35 ಬಾರ್‌ನಲ್ಲಿ 8 ನ್ಯಾನೋಮೀಟರ್‌ಗಿಂತ ಕೆಳಗೆ ಹೋದಾಗ ಮೇಲ್ಮೈಯ ಒಂದೊಂದು ಪರಮಾಣು ಮಾಡೋ ಕೆಲಸಾನೇ ಬಿದ್ದೋಗ್ತಿತ್ತು. ಅದು ಸಾಲ್ದು ಅಂತ ಮೀಥೇನ್ ಬೇರೆ ಜಾಸ್ತಿ. ಯಾವ ಗ್ಯಾಸಿಂದ ಹೊರಟಿದ್ವೋ ಅದೇ ವಾಪಸ್! ಸಣ್ಣ ಕಣದ ಮೇಲೆ ಹೈಡ್ರೋಜನ್ ದಟ್ಟವಾಗಿ ಕೂತಿರುತ್ತೆ, ಕಾರ್ಬನ್ ಸರಪಳಿ ಬೆಳೆಯೋಕ್ ಮುಂಚೆನೇ ಅಂಟ್ಕೊಂಡು ಅಲ್ಲಿಗೇ ಮುಗಿಸ್ಬಿಡುತ್ತೆ.