ಹೊಳೆ ಬಿಟ್ಟುಹೋದ ಬಂದರು

ಇವತ್ತು ಮಧ್ಯಾಹ್ನ ಕರೆಂಟ್ ಹೋಗಿತ್ತು. ಕಿಟಕಿ ಪಕ್ಕ ಕೂತು ಆಸ್ಟ್ರೇಲಿಯಾದ ಲೇಖಕಿ ಅಲೆಕ್ಸಿಸ್ ರೈಟ್ ಅವರ ‘ಕಾರ್ಪೆಂಟೇರಿಯಾ’ ಕಾದಂಬರಿ ಮತ್ತೆ ತೆಗೆದೆ. ಶುರುವಿನಲ್ಲೇ ನಿಂತುಬಿಟ್ಟೆ.

ಡೆಸ್ಪರೆನ್ಸ್ ಅಂತ ಊರು. ಆಸ್ಟ್ರೇಲಿಯಾದ ಉತ್ತರದ ಕೊಲ್ಲಿಯಲ್ಲಿ ಬಂದರಾಗಲಿ ಅಂತ ಕಟ್ಟಿದ್ದು. ಒಂದು ಮಳೆಗಾಲದಲ್ಲಿ ಹೊಳೆ ದಾರಿ ಬದಲಿಸಿತು. ಬಂದರಿಗೆ ನೀರೇ ಇಲ್ಲ! ಊರು ಮಾತ್ರ ಅಲ್ಲೇ ಉಳಿಯಿತು.

ಊರು ಕಲ್ಪನೆಯದು. ಆ ಕೊಲ್ಲಿ, ಆ ಮಳೆ, ಕಾದಂಬರಿಯಲ್ಲಿ ಬರುವ ಗಣಿ ಜಗಳದಂಥ ಜಗಳಗಳು ನಿಜ. ರೈಟ್ ಅಲ್ಲಿನ ವಾನ್ಯಿ ಅನ್ನೋ ಮೂಲನಿವಾಸಿ ಸಮುದಾಯದವರು. ಅವರ ಕಥೆಯಲ್ಲಿ ನದಿಗಳನ್ನು ಕೊರೆದದ್ದು ಆದಿಕಾಲದ ಮಹಾಸರ್ಪ. ಆಮೇಲೆ ಬಂದವರ ನಕ್ಷೆ ನೋಡಿಕೊಂಡು ಹೊಳೆ ಯಾಕೆ ಹರಿಯಬೇಕು, ಅಲ್ವಾ?

ದೊಡ್ಡ ಪ್ರಕಾಶಕರು ಬೇಡ ಅಂದ ಕಾದಂಬರಿ ಇದು. 2006ರಲ್ಲಿ ಜಿರಮೊಂಡೊ ಅನ್ನೋ ಸಣ್ಣ ಪ್ರಕಾಶನ ತಂದಿತು. 2007ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಮೈಲ್ಸ್ ಫ್ರಾಂಕ್ಲಿನ್ ಬಂತು. ನನಗಂತೂ ತುಂಬಾ ಖುಷಿ ಕೊಡುವ ಸಂಗತಿ.

ಜಾಸ್ತಿ ಇಷ್ಟವಾಗೋದು ನಾರ್ಮ್ ಫ್ಯಾಂಟಮ್ ಅನ್ನೋ ಪಾತ್ರ. ಊರಂಚಿನ ಮುಳ್ಳುಪೊದೆಗಳ ನಡುವೆ ಮನೆ. ಸತ್ತ ಮೀನುಗಳಿಗೆ ಬಣ್ಣ ಹಚ್ಚಿ ಮತ್ತೆ ಹೊಳೆಯುವ ಹಾಗೆ ಮಾಡುವ ಮುದುಕ. ಸಮುದ್ರ ಅವನಿಗೆ ಅಂಗೈ ಗೆರೆಯಷ್ಟು ಗೊತ್ತು.

ದಪ್ಪ ಪುಸ್ತಕ, ನಿಧಾನವಾಗಿ ಓದಬೇಕು. ಯಾರಿಗಾದರೂ ಬೇಕಿದ್ದರೆ ಹೇಳಿ, ನನ್ನ ಪ್ರತಿ ಕೊಡುತ್ತೇನೆ.